ವಾರ್ಡಿನ ಸೋದರಮಾವ

ಶಿವಮೊಗ್ಗ
ಫೆಬ್ರವರಿ ೪

ತನುಜಾಗೆ ಅಣ್ಣನ ಆಶೀರ್ವಾದಗಳು.

ಪಕ್ಕದ ಭದ್ರಾವತಿಗೆ ಈ ಕಾಲದಲ್ಲಿ ಕಾಗದ ಬರೆಯುವ ಮನುಷ್ಯನಿಗೆ ತಲೆ ಸರಿಯಿಲ್ಲ ಎಂದು ನೀನು ತೀರ್ಮಾನಿಸುವ ಮೊದಲು ಕಾರಣ ಹೇಳಿಬಿಡುತ್ತೇನೆ. ನನ್ನ ಫೋನು ಈಗ ನನ್ನದಲ್ಲ. ಅದು ವೀರೇಂದ್ರನ ವಶದಲ್ಲಿದೆ. ವೀರೇಂದ್ರ ಎಂದರೆ ನಮ್ಮ ಜೆರಾಕ್ಸ್ ಅಂಗಡಿಯ ಪಕ್ಕ ಮೊಬೈಲ್ ಕವರ್ ಮಾರುವ ಹುಡುಗ. ಎರಡು ವಾರದಿಂದ ನನ್ನ ಚುನಾವಣಾ ಉಸ್ತುವಾರಿ. ಹೌದು, ಚುನಾವಣೆ. ನಿನ್ನ ಅಣ್ಣ ಶಿವಯೋಗಿ ಪಾಲಿಕೆ ಚುನಾವಣೆಗೆ ಪಕ್ಷೇತರನಾಗಿ ನಿಲ್ಲುತ್ತಿದ್ದಾನೆ. ನಮ್ಮ ಬೀದಿಯ ಚರಂಡಿಯ ಅರ್ಜಿಗಳೆಲ್ಲ ಹುಟ್ಟುವುದು ನನ್ನ ಅಂಗಡಿಯಲ್ಲಿ. ಅವು ಸಾಯುವ ಜಾಗವನ್ನೂ ಒಮ್ಮೆ ಕಣ್ಣಾರೆ ನೋಡೋಣ ಎನ್ನಿಸಿತು.

ಮೈಕ್ ಕಂಡರೆ ನನ್ನ ನಾಲಿಗೆ ರಜೆ ಹಾಕುತ್ತದೆಂದು ನಿನಗೆ ಗೊತ್ತು. ಆದ್ದರಿಂದ ಸಭೆ ಇಲ್ಲ, ಭಾಷಣ ಇಲ್ಲ. ಜನ ತಾವಾಗಿ ಎಲ್ಲಿ ಸೇರಿರುತ್ತಾರೋ ಅಲ್ಲಿಗೆ ಹೋಗಿ ಕೂರುವುದು. ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಸಕ್ಕರೆ ಕಾಯಿಲೆ ಹಂಚಿಕೊಳ್ಳುವವರ ಜೊತೆ, ಸಂಜೆ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ, ಸೋಮವಾರ ಭಜನೆಯಲ್ಲಿ ಹಿಂದಿನ ಸಾಲು.

ಹೀಗೇ ಹೋದ ಭಾನುವಾರ ಮಧುಶ್ರೀ ಎಂಬುವರ ಮನೆಗೆ ಹೋದೆ. ಅವರ ಮಗನ ಜವಳ, ಮೊದಲ ಕೂದಲು ತೆಗೆಸುವ ಕಾರ್ಯ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದ ಸೋದರಮಾವನೇ ನಾಪತ್ತೆ. 'ಹುಬ್ಬಳ್ಳಿಯಿಂದ ಬರ್ಬೇಕಿತ್ತು, ಬಸ್ ಸಿಗ್ಲಿಲ್ವಂತೆ' ಎಂದು ಮನೆಯವರು ಮುಖ ತಿರುಗಿಸಿದರು. ಮುಹೂರ್ತ ಜಾರುತ್ತಿತ್ತು. ಯಾರೋ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಇವರು ಖಾಲಿ ಕೂತಿದಾರಲ್ಲ' ಎಂದರು. ಕೂತೆ. ಮೊದಲ ಎಳೆ ನಾನೇ ಕತ್ತರಿಸಿದೆ. ಹೊರಡುವಾಗ ಮನೆಯ ಹೆಂಗಸರೆಲ್ಲ ನನ್ನನ್ನು ಅಣ್ಣ ಎಂದರು ಮಾರಾಯ್ತಿ. ಒಂದು ಮಾತೂ ಆಡದೆ ಒಂದಿಡೀ ಮನೆ ಗೆದ್ದೆ.

ಈ ಕಾಗದ ಎದುರುಮನೆ ಓಂಕಾರಪ್ಪನವರ ಊಟದ ಚೀಲದಲ್ಲಿ ಬರುತ್ತದೆ. ಅವರಿಗೂ ನಿನ್ನ ಯಜಮಾನ ಯೋಗೇಶ್ ಭಾವನಿಗೂ ಮಾಚೇನಹಳ್ಳಿಯ ಒಂದೇ ಶೆಡ್ಡಿನಲ್ಲಿ ಕೆಲಸ, ಒಂದೇ ಬೆಂಚಿನಲ್ಲಿ ಊಟ. ಉತ್ತರವನ್ನೂ ಅದೇ ದಾರಿಯಲ್ಲಿ ಕಳಿಸು. ಸಾರು ಚೆಲ್ಲದ ದಿನ ನೋಡಿ ಕಳಿಸು.

ನಿನ್ನ ಅಣ್ಣ (ಮತ್ತು ಸಂಭಾವ್ಯ ಜನಪ್ರತಿನಿಧಿ)
ಶಿವಯೋಗಿ


ಭದ್ರಾವತಿ, ಹಳೇನಗರ
ಫೆಬ್ರವರಿ ೯

ಅಣ್ಣನಿಗೆ ತನುಜಾ ಮಾಡುವ ನಮಸ್ಕಾರ.

ಕಾಗದ ತಲುಪಿತು. ಒಂದು ಮೂಲೆಯಲ್ಲಿ ಹುಳಿಯ ಮುದ್ರೆ ಬಿದ್ದಿದೆ, ಉಳಿದದ್ದು ಕ್ಷೇಮ. ಫೋನು ನಿನ್ನ ಕೈಯಲ್ಲಿಲ್ಲ ಎಂದು ತಿಳಿದು ಸಮಾಧಾನವಾಯಿತು. ಹೋದ ವಾರ ನಾನು ಕಳಿಸಿದ್ದಕ್ಕೆ 'ನಿಮ್ಮ ಅಮೂಲ್ಯ ಬೆಂಬಲಕ್ಕೆ ಧನ್ಯವಾದಗಳು, ಇಂತಿ ನಿಮ್ಮ ಮನೆಮಗ' ಎಂದು ಉತ್ತರ ಬಂದಿತ್ತು, ಜೊತೆಗೆ ಮುಗಿದ ಎರಡು ಕೈ. ನಿನಗೆ ಏನೋ ಆಗಿದೆ ಎಂದುಕೊಂಡಿದ್ದೆ. ಆಗಿರುವುದು ಇಷ್ಟೇ ಎಂದು ಈಗ ಗೊತ್ತಾಯಿತು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಯುವರಾಜನ ಕೂದಲು ಸೊಂಟಕ್ಕೆ ಬರಲು ನಾಲ್ಕೇ ಬೆರಳು ಬಾಕಿ. ಎರಡು ಜಡೆ ಹಾಕಿ ಕಟ್ಟುತ್ತೇನೆ. ನಿನ್ನೆ ಬಸ್ಸಿನಲ್ಲಿ ಕಂಡಕ್ಟರ್ 'ಪುಟ್ಟಿ, ಒಳಗೆ ಸರಿಯಮ್ಮ' ಅಂದ. ನಮ್ಮ ಪುಟ್ಟಿ ಒಳಗೆ ಸರಿಯಲಿಲ್ಲ, ಕಂಡಕ್ಟರನ ಮೊಣಕಾಲಿಗೆ ಒದ್ದ. ಯುಗಾದಿ ಕಳೆದರೆ ಅವನಿಗೆ ಮೂರು ತುಂಬುತ್ತದೆ. ಮೂರು ತಪ್ಪಿದರೆ ಮತ್ತೆ ಐದೇ ಎಂದು ಅತ್ತೆ ದಿನಕ್ಕೊಮ್ಮೆ ಗೋಡೆಗೆ ಹೇಳುತ್ತಾರೆ. ಗೋಡೆಯ ಪಕ್ಕ ನಾನು ನಿಂತಿರುತ್ತೇನೆ.

ಅವ್ವ ಹುಷಾರಿಲ್ಲದೆ ಮಲಗಿದ್ದ ವರ್ಷ ನೀನೇ ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸುತ್ತಿದ್ದೆಯಲ್ಲ. ಎರಡು ಜಡೆ ಒಂದೇ ಎತ್ತರಕ್ಕೆ ಬರುವಂತೆ ಹೇಗೆ ಹಾಕುತ್ತಿದ್ದೆ? ನನಗೆ ಇವತ್ತಿಗೂ ಬರುವುದಿಲ್ಲ.

ಬೇರೆ ವಿಶೇಷವಿಲ್ಲ.

ತನುಜಾ


ಶಿವಮೊಗ್ಗ
ಮಾರ್ಚ್ ೪

ಪ್ರಿಯ ತನು,

ಉತ್ತರ ತಡವಾಯಿತು. ಸಾರ್ವಜನಿಕ ಜೀವನ ಎಂದರೆ ಹೀಗೆಯೇ ಎಂದು ಕೇಳಿದ್ದೆ, ಈಗ ಅನುಭವಿಸುತ್ತಿದ್ದೇನೆ. ನಿನ್ನ ಪ್ರಶ್ನೆಗೆ ಉತ್ತರ: ಬೈತಲೆಯನ್ನು ಹಿಂದಿನಿಂದ ತೆಗೆಯಬೇಕು, ಮುಂದಿನಿಂದಲ್ಲ. ಯುವರಾಜನ ತಲೆಗೆ ವಾರಕ್ಕೆರಡು ಸಲ ಕೊಬ್ಬರಿ ಎಣ್ಣೆ ಹಚ್ಚು. ಸೊಂಪಾಗಿ ಬೆಳೆಯುತ್ತದೆ.

ಈಗ ಸುದ್ದಿ ಕೇಳು. ಮಧುಶ್ರೀ ಮನೆಯ ಫೋಟೋ ವಾರ್ಡಿನ ಗ್ರೂಪುಗಳಲ್ಲೆಲ್ಲ ಓಡಾಡಿ, ಒಂದಾದ ಮೇಲೊಂದು ಕರೆ ಬರಲಾರಂಭಿಸಿತು. ಒಬ್ಬರ ಅಣ್ಣ ಗಲ್ಫಿನಲ್ಲಿ. ಇನ್ನೊಬ್ಬರ ತಮ್ಮನಿಗೆ ರಜೆ ಇಲ್ಲ. ಮತ್ತೊಬ್ಬರಿಗೆ ಅಣ್ಣನೇ ಇಲ್ಲ. ಎಲ್ಲರಿಗೂ ನನ್ನ ತೊಡೆ ಇದೆ. ಒಂದು ಮಗು ಹೆಬ್ಬೆರಳು ಕಚ್ಚಿತು. ಇನ್ನೊಂದು ನನ್ನ ಇಸ್ತ್ರಿ ಮಾಡಿದ ಪಂಚೆಯ ಮೇಲೆ ತನ್ನ ಅಭಿಪ್ರಾಯವನ್ನು ಧಾರಾಳವಾಗಿ ಸುರಿಸಿತು. ಪಂಚೆ ಬದಲಿಸಲು ಹೊರಟವನನ್ನು ವೀರೇಂದ್ರ ತಡೆದ. 'ಅಣ್ಣಾ, ಹಂಗೇ ಇರಿ, ಫೋಟೋದಲ್ಲಿ ನ್ಯಾಚುರಲ್ ಬರತ್ತೆ.'

ಚುನಾವಣಾಧಿಕಾರಿಗಳು ಪಕ್ಷೇತರರಿಗೆ ಚಿಹ್ನೆ ಕೊಡುವಾಗ ಕುಕ್ಕರ್ ಇತ್ತು, ಗಾಳಿಪಟ ಇತ್ತು. ನಾವು ಕತ್ತರಿ ಕೇಳಿ ಪಡೆದೆವು. ಶುಭಕಾರ್ಯದ ಮನೆಗೆ ಕತ್ತರಿ ಹಿಡಿದು ನುಗ್ಗಿದರೂ ಎಲೆ ಹಾಕಿಸಿಕೊಂಡು ಬರುವ ಅಭ್ಯರ್ಥಿ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಫ್ಲೆಕ್ಸ್ ಕೂಡ ಬಂದಿದೆ. ನಾನು ಕೈ ಮುಗಿದಿದ್ದೇನೆ, ಮೇಲೆ ದಪ್ಪಕ್ಷರದಲ್ಲಿ 'ನಮ್ಮ ವಾರ್ಡಿನ ಸೋದರಮಾವ'. ನಿನ್ನ ಅತ್ತಿಗೆ ಅದನ್ನು ನೋಡಿ ಏನೂ ಹೇಳಲಿಲ್ಲ. ಮೆಚ್ಚಿಕೊಂಡಿರಬೇಕು.

ನಿಮ್ಮ ಅತ್ತೆ ಗೋಡೆಗೆ ಯಾಕೆ ಹೇಳುತ್ತಾರೆ? ಕಿವಿ ಮಂದವಾಗಿದೆಯೆ? ಡಾಕ್ಟರಿಗೆ ತೋರಿಸಿ.

ನಿನ್ನ
ಶಿವಯೋಗಿ


ಭದ್ರಾವತಿ
ಮಾರ್ಚ್ ೬

ಮಾನ್ಯ ಅಭ್ಯರ್ಥಿಗಳ ಸನ್ನಿಧಾನಕ್ಕೆ,

ತಮ್ಮ ಅಮೂಲ್ಯ ಪತ್ರ ತಲುಪಿತು. ಬೈತಲೆ ಹಾಗೂ ಎಣ್ಣೆಯ ಕುರಿತು ತಾವು ನೀಡಿದ ಮಾರ್ಗದರ್ಶನಕ್ಕೆ ಈ ಕುಟುಂಬ ಚಿರಋಣಿ. ತಮ್ಮ ಫ್ಲೆಕ್ಸಿನ ಚಿತ್ರ ಇಲ್ಲಿಗೂ ಬಂದಿದೆ. ನಮ್ಮ ಅತ್ತೆ ಹಾಲಮ್ಮನವರು ಕನ್ನಡಕ ಹಾಕಿಕೊಂಡು ನೋಡಿ, ಯುವರಾಜನಿಗೂ ತೋರಿಸಿದರು. ಅವರ ಕಿವಿ ಚುರುಕಾಗಿಯೇ ಇದೆ, ನಾಲಿಗೆಯಂತೆಯೇ.

'ನಿಮ್ಮಣ್ಣ ಊರಿಗೆಲ್ಲ ಮಾವ, ನಮ್ಮನೆಗೆ ಮಾತ್ರ ಅಭ್ಯರ್ಥಿ' ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ತಮ್ಮ ಅಮೂಲ್ಯ ಸಮಯ ಇನ್ನು ವ್ಯರ್ಥ ಮಾಡುವುದಿಲ್ಲ. ಇಲ್ಲಿ ವಿಶೇಷವೇನೂ ಇಲ್ಲ.

ಇತಿ, ತಮ್ಮ ವಾರ್ಡಿನಲ್ಲಿ ಓಟಿಲ್ಲದ
ತನುಜಾ


ಶಿವಮೊಗ್ಗ
ಮಾರ್ಚ್ ೧೦

ತನು,

ನಿನ್ನ ಕಾಗದ ಓದಿ ಮೊದಲು ಚೆನ್ನಾಗಿ ನಕ್ಕು, ವೀರೇಂದ್ರನಿಗೂ ಓದಿ ಹೇಳಿದೆ. 'ನಿಮ್ ತಂಗಿ ಒಳ್ಳೆ ಕಾಮಿಡಿ ಅಣ್ಣಾ' ಅಂದ. ಅದು ಶನಿವಾರ. ಇವತ್ತು ಅದೇ ಕಾಗದವನ್ನು ಮತ್ತೆ ಓದಿದೆ. ಅದರಲ್ಲಿ ಕಾಮಿಡಿ ಎಲ್ಲಿತ್ತೆಂದು ಸಿಗಲಿಲ್ಲ.

ನಡುವೆ ಒಂದು ಸಂಗತಿ ನಡೆಯಿತು. ನಿನ್ನೆ ಅಂಗಡಿಗೆ ಹಾಲಿನ ಬೂತಿನ ಶೇಷಪ್ಪ ಬಂದರು. ಎರಡು ಓಣಿ ಆಚೆ ಮನೆ. ಆಧಾರ್ ಕಾರ್ಡಿನ ಜೆರಾಕ್ಸ್ ಬೇಕೆಂದರು. ಕೊಟ್ಟೆ. ಹೋಗಲಿಲ್ಲ.

'ನಿಮ್ ಗುರ್ತು ಕತ್ತರಿ ಅಲ್ವಾ ಸ್ವಾಮಿ?'

ಹೌದು ಎಂದು ಕೈ ಮುಗಿದೆ. ಅಭ್ಯಾಸ.

'ಮಧುಶ್ರೀ ಇದಾಳಲ್ಲ, ಅವ್ಳು ನನ್ ತಂಗಿ.'

ಹುಬ್ಬಳ್ಳಿ ಬಸ್ಸು ಸಿಗದ ಸೋದರಮಾವ ಇವರೇ. ಇವರು ಹುಬ್ಬಳ್ಳಿಯ ಮುಖವನ್ನೇ ನೋಡಿಲ್ಲ. ದೀಪಾವಳಿಯಲ್ಲಿ ಯಾರೋ ಯಾರಿಗೋ ಆಡಿದ ಒಂದು ಮಾತಿಗೆ ಎರಡು ಮನೆ ಮುನಿಸಿಕೊಂಡಿದ್ದವು. ಜವಳಕ್ಕೆ ಒಮ್ಮೆ ಕರೆದಿದ್ದರು, ಇವರು ಬಿಗುಮಾನಕ್ಕೆ ಬರಲ್ಲ ಎಂದಿದ್ದರು.

'ಆವತ್ತು ಸ್ನಾನ ಮಾಡಿ, ಹೊಸ ಪಂಚೆ ಉಟ್ಟು ಕೂತಿದ್ದೆ ಸ್ವಾಮಿ. ಇನ್ನೊಂದ್ ಸಲ ಬಂದು ಕರೀತಾರೆ, ಹೋಗೋಣ ಅಂತ. ಕರಿಯೋರೂ ಇದ್ರು. ಅಷ್ಟ್ರಲ್ಲಿ ನೀವು ಕೂತ್ರಿ. ಕೂದ್ಲು ಮತ್ತೆ ಬೆಳೆಯತ್ತೆ. ಜವಳ ಮತ್ತೆ ಬರತ್ತಾ?'

ನಾನು ಚಹಾ ತರಿಸಿದೆ. ಕುಡಿಯಲಿಲ್ಲ. ವಿಷಯ ಅವರೊಬ್ಬರದ್ದೇ ಅಲ್ಲವಂತೆ. ನಾನು ಕೂತ ಮನೆಗಳ ನಿಜವಾದ ಸೋದರಮಾವಂದಿರು ಗಲ್ಫಿನಲ್ಲೂ ಇಲ್ಲ, ರಜೆ ಸಿಗದೆಯೂ ಇಲ್ಲ. ಅರ್ಧಕ್ಕರ್ಧ ನಮ್ಮ ವಾರ್ಡಿನಲ್ಲೇ ಇದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಮುನಿಸು. ಆ ಮುನಿಸುಗಳಿಗೆಲ್ಲ ನಾನು ಹೋಗಿ ಬೀಗ ಹಾಕಿ, ಪಟ ತೆಗೆಸಿಕೊಂಡು ಬಂದಿದ್ದೇನೆ. ಅವರೆಲ್ಲ ಈಗ ಸಂಜೆ ಬೂತಿನ ಮುಂದೆ ಸೇರುತ್ತಾರಂತೆ. ವಾರ್ಡಿನಲ್ಲಿ ನನ್ನ ಹೆಸರಿನಲ್ಲಿ ತಾನಾಗಿ ಸೇರಿದ ಏಕೈಕ ಸಭೆ ಅದು. ಒಂದೊಂದು ತೊಡೆಗೆ ಒಂದು ಮನೆ ಗೆದ್ದು ಮೂರು ಮನೆ ಕಳೆದುಕೊಂಡೆ ಎಂದು ವೀರೇಂದ್ರ ಕ್ಯಾಲ್ಕುಲೇಟರಿನಲ್ಲಿ ತೋರಿಸಿದ.

ಅದಿರಲಿ. ಹೊರಡುವಾಗ ಶೇಷಪ್ಪ ಕೇಳಿದರು, 'ನಿಮಗೆ ತಂಗಿ ಇದಾರಾ?' ಇದ್ದಾಳೆ ಎಂದೆ. 'ಮಗುವಿನ ಜವಳ ಆಯ್ತಾ?'

ಜೆರಾಕ್ಸ್ ಯಂತ್ರದ ಮುಚ್ಚಳ ತೆಗೆದು, ಒಳಗೆ ಏನೋ ಸಿಕ್ಕಿಕೊಂಡಿದೆ ಎಂಬಂತೆ ನೋಡುತ್ತಾ ನಿಂತೆ.

ತಂಗಿ ತಾನಾಗಿ ಕರೆಯಬಾರದು, ಅಣ್ಣನೇ ಬಂದು ದಿನ ಕೇಳಬೇಕು ಎಂದು ಅವ್ವ ಹೇಳುತ್ತಿದ್ದಳು. ಇದು ನನಗೆ ಮರೆತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು. ಚುನಾವಣೆ ಮುಗಿಯಲಿ ಎಂದುಕೊಂಡಿದ್ದೆ. ಈಗ ಕೇಳುತ್ತಿದ್ದೇನೆ. ದಿನ ಯಾವಾಗ?

ಶಿವಯೋಗಿ


ಭದ್ರಾವತಿ
ಮಾರ್ಚ್ ೧೨

ಅಣ್ಣ,

ಭಾನುವಾರ, ಹದಿನೈದಕ್ಕೆ. ಕೂಡ್ಲಿಯಲ್ಲಿ, ಹೊಳೆಯ ದಂಡೆಯ ಮೇಲೆ. ಅತ್ತೆ ಹತ್ತು ದಿನದ ಹಿಂದೆಯೇ ನಿಶ್ಚಯ ಮಾಡಿದ್ದರು. ನಾನು ನಿನಗೆ ಬರೆಯಲಿಲ್ಲ.

ಅದು ನಿಮ್ಮ ಪ್ರಚಾರದ ಕೊನೆಯ ದಿನ ಎಂದು ಓಂಕಾರಪ್ಪನವರು ಇವರಿಗೆ ಹೇಳಿದ್ದಾರೆ. ಬರಬೇಡ. ಇದು ಮುನಿಸಲ್ಲ, ಆಣೆ. ಹೊಳಲೂರಿನ ದೊಡ್ಡಪ್ಪನ ಮಗ ಮೂರ್ತಪ್ಪಣ್ಣ ಬಂದು ಕೂರುತ್ತೇನೆ ಎಂದಿದ್ದಾನೆ. ಅವನೂ ನನಗೆ ಅಣ್ಣನೇ ತಾನೆ. ಅವನ ತೊಡೆ ಸ್ವಲ್ಪ ಸಣ್ಣದು, ಅಷ್ಟೇ.

ಮೊದಲ ಕಾಗದದಲ್ಲಿ ಒಂದು ವಿಷಯ ಅರ್ಧ ಬರೆದಿದ್ದೆ. ಫೋನಿನಲ್ಲಿ ನಾನು ಕಳಿಸಿದ್ದು ನನ್ನ ಮಾತಲ್ಲ. ತಂಗಿ ಕರೆಯಬಾರದು, ಆದರೆ ಅಳಿಯ ಕರೆಯಬಾರದು ಎಂದು ಅವ್ವ ಹೇಳಿರಲಿಲ್ಲವಲ್ಲ. ಯುವರಾಜನ ಕೈಯಲ್ಲಿ ಮಾತಾಡಿಸಿ ಕಳಿಸಿದ್ದೆ. ಮುಗಿದ ಎರಡು ಕೈಗಳ ಉತ್ತರ ಬಂದಾಗ ಅವನೂ ಫೋನಿಗೆ ಕೈ ಮುಗಿದ.

ಓಟು ಚೆನ್ನಾಗಿ ಬೀಳಲಿ.

ತನುಜಾ


ಶಿವಮೊಗ್ಗ
ಮಾರ್ಚ್ ೧೪

ತನು,

ವೀರೇಂದ್ರನಿಂದ ಫೋನು ಕಸಿದುಕೊಂಡೆ. ಒಂದೂವರೆ ತಿಂಗಳ ಧನ್ಯವಾದಗಳನ್ನು ದಾಟಿ ಹಿಂದೆ ಹೋಗಿ ಹುಡುಕಿದೆ. 'ಮಾವ, ನೀ ಯಾವಾಗ ಬತ್ತೀಯಾ, ನಂಗೆ ಜಡೆ ಬ್ಯಾಡ.'

ವೀರೇಂದ್ರ ಹೇಳುವುದು: 'ಅಣ್ಣಾ, ಕೊನೇ ದಿನ. ಪೂರಾ ವಾರ್ಡು ತಿರುಗ್ಬೇಕು. ನಾಳೆ ನೀವಿಲ್ಲ ಅಂದ್ರೆ ಠೇವಣಿನೂ ಇಲ್ಲ.' ಅವನು ಹೇಳುವುದು ಸರಿಯಾಗಿದೆ.

ಮೂರ್ತಪ್ಪಣ್ಣ ಊಟಕ್ಕೆ ಮಾತ್ರ ಬರಲಿ.

ಶಿವಯೋಗಿ


ಭದ್ರಾವತಿ
ಮಾರ್ಚ್ ೧೭

ಅಣ್ಣ,

ಮೊದಲು ಅತ್ತೆಯ ತೀರ್ಪು, ಅದನ್ನು ತಿಳಿಸಲೇಬೇಕೆಂದು ಆಜ್ಞೆಯಾಗಿದೆ. 'ಹುಡುಗ ಪರವಾಗಿಲ್ಲ. ಬಸ್ಸಲ್ಲಿ ಬಂದ, ಬಸ್ಸಲ್ಲಿ ಹೋದ, ಮಧ್ಯೆ ಓಟಿನ ಸುದ್ದಿ ಎತ್ಲಿಲ್ಲ. ಇಲ್ಲಿ ನಿಂತಿದ್ರೆ ಹಾಕ್ತಿದ್ದೆ.' ನಲವತ್ತೆರಡು ವರ್ಷಕ್ಕೆ ಹುಡುಗ ಎನ್ನಿಸಿಕೊಂಡಿದ್ದೀಯ, ಇಟ್ಟುಕೋ.

ಇನ್ನು ಆ ಫ್ಲೆಕ್ಸು. ಕೂದಲು ನೆಲಕ್ಕೆ ಬೀಳದ ಹಾಗೆ ಹಾಸಲು ಹೊಸ ಬಿಳಿ ಬಟ್ಟೆ ತರಬೇಕಾದವನು ಸೋದರಮಾವ. ನೀನು ಅಂಗಿ ತಂದೆ, ಟೋಪಿ ತಂದೆ, ಹಣ್ಣಿನ ಬುಟ್ಟಿ ತಂದೆ, ಬಟ್ಟೆ ಮರೆತೆ. ಬುಟ್ಟಿಗೆ ವೀರೇಂದ್ರ ಸುತ್ತಿಕೊಟ್ಟಿದ್ದ ಫ್ಲೆಕ್ಸ್ ಬಿಚ್ಚಿ ಹಾಸಿದಾಗ ಐನೋರು ಮಂತ್ರ ನಿಲ್ಲಿಸಿ ಒಂದು ಕ್ಷಣ ಓದಿಕೊಂಡರು. ಮೂರು ವರ್ಷದ ಕೂದಲೆಲ್ಲ ನಿನ್ನ ಮುಖದ ಮೇಲೇ ಬಿತ್ತು. ಕೈ ಮುಗಿದ ಅಭ್ಯರ್ಥಿಗೆ ನೋಡನೋಡುತ್ತಾ ಗಡ್ಡ ಬಂದು, ಮೀಸೆ ಬಂದು, ಕೊನೆಗೆ ಕಣ್ಣೂ ಮುಚ್ಚಿಹೋಯಿತು. 'ವಾರ್ಡಿನ' ಎಂಬುದೂ ಮುಚ್ಚಿತ್ತು. 'ಸೋದರಮಾವ' ಮಾತ್ರ ಕಾಣುತ್ತಿತ್ತು. ಇದನ್ನು ನಾನು ಬೇಕೆಂದೇ ನೋಡಿದೆ.

ತುಂಗೆ ನಿನ್ನ ಊರಿನವಳು, ಭದ್ರೆ ನನ್ನ ಊರಿನವಳು, ಇಬ್ಬರೂ ಸೇರುವ ಜಾಗ ಎಂದು ನೀನು ಹೊಳೆ ನೋಡಿಕೊಂಡು ಶುರುಮಾಡಿದ್ದೆ. ಅತ್ತೆ 'ಊಟಕ್ಕೆ ಏಳಿ' ಅಂದದ್ದು ಒಳ್ಳೆಯದಾಯಿತು.

ಒಂದು ಕೇಳಬೇಕು. ಯುವರಾಜ ಮೊದಲು ನಿನ್ನ ತೊಡೆಗೆ ಬರಲು ಒಪ್ಪದೆ ಮೆಟ್ಟಿಲ ಕೆಳಗೆ ಹೋಗಿ ಕೂತಿದ್ದ. ಎಲ್ಲರೂ ಕರೆದು ಸೋತರು. ಮೂರ್ತಪ್ಪಣ್ಣ ಪಂಚೆ ಸರಿಮಾಡಿಕೊಳ್ಳಲು ಶುರುಮಾಡಿದ್ದ. ನಾನು ನೋಡಲಾಗದೆ ಅಡುಗೆಯವರ ಕಡೆ ಹೋಗಿಬಿಟ್ಟೆ. ಆಮೇಲೆ ಆ ಪೋರ ಓಡಿ ಬಂದು, ನನ್ನ ಬಲಗಿವಿ ಹಿಡಿದು ಜಗ್ಗಿ, ಹಿಂದೆ ಏನನ್ನೋ ನೋಡಿ, ಒಂದೂ ಮಾತಾಡದೆ ವಾಪಸು ಓಡಿದ. ಕೈಯಲ್ಲಿ ಸೌಟಿತ್ತು, ಬೈದೆ. ತಿರುಗಿ ಬಂದು ನೋಡಿದರೆ ನಿನ್ನ ತೊಡೆಯ ಮೇಲೆ ರಾಜನ ಹಾಗೆ ಕೂತಿದ್ದ.

ಏನು ಹೇಳಿದೆ ಅವನಿಗೆ?

ತನುಜಾ


ಶಿವಮೊಗ್ಗ
ಮಾರ್ಚ್ ೨೩

ತನು,

ಫಲಿತಾಂಶ ಬಂತು. ಆರು ಜನರಲ್ಲಿ ನಾಲ್ಕನೆಯವನು. ಠೇವಣಿ ವೀರೇಂದ್ರ ಹೇಳಿದ ಕಡೆಗೇ ಹೋಯಿತು. ಗೆದ್ದವರು ಬಂದು ಕೈ ಕುಲುಕಿದರು, ಚರಂಡಿಯ ಅರ್ಜಿಯ ಇನ್ನೊಂದು ಪ್ರತಿ ಕೊಡಿ ಎಂದರು. ಜೆರಾಕ್ಸ್ ಮಾಡಿಕೊಟ್ಟೆ. ಫೋನು ನನ್ನ ಬಳಿಗೆ ಬಂದಿದೆ. ಆದರೂ ಕಾಗದ ಬರೆಯುತ್ತಿದ್ದೇನೆ. ಓಂಕಾರಪ್ಪನವರಿಗೆ ಅಭ್ಯಾಸವಾಗಿಬಿಟ್ಟಿದೆ, ಬೆಳಿಗ್ಗೆ ಚೀಲ ತೆರೆದು ನಿಲ್ಲುತ್ತಾರೆ.

ನೀನು ಕೇಳಿದ್ದಕ್ಕೆ ಉತ್ತರ. ಮೆಟ್ಟಿಲ ಕೆಳಗೆ ಹೋಗಿ ನಾನೂ ಅವನ ಪಕ್ಕ ಕೂತೆ. ಒಂದೂವರೆ ತಿಂಗಳಲ್ಲಿ ನಾನು ಕಲಿತದ್ದು ಅದೊಂದೇ, ಪಕ್ಕದಲ್ಲಿ ಕೂರುವುದು. ಆಮೇಲೆ, 'ನೀ ಫೋನಲ್ಲಿರೋ ಮಾವ' ಅಂದ. ಹೌದು ಎಂದೆ. 'ನೀ ಬೇರೆ ಪಾಪುಗಳ ಮಾವ' ಅಂದ.

ಮನೆ ಮನೆಗೂ ಹೋಗಿ 'ನಾನು ನಿಮ್ಮ ಮನೆಮಗ' ಎಂದು ಹೇಳಿದ ಬಾಯಿ ಇದು. ಒಬ್ಬರೂ ಪುರಾವೆ ಕೇಳಿರಲಿಲ್ಲ. ಇವನು ಕೇಳಿದ.

'ನಿಮ್ಮಮ್ಮನ ಬಲಗಿವಿ ಹಿಂದೆ ಒಂದು ಮಚ್ಚೆ ಇದೆ. ಕೂದ್ಲು ಎತ್ತಿದ್ರೆ ಮಾತ್ರ ಕಾಣತ್ತೆ. ಅವಳಿಗೆ ಜಡೆ ಹಾಕ್ದೋರಿಗೆ ಮಾತ್ರ ಗೊತ್ತು. ಹೋಗಿ ನೋಡ್ಕೊಂಡ್ ಬಾ' ಎಂದೆ.

ನೋಡಿಕೊಂಡು ಬಂದ. ನನ್ನ ಕಿವಿಯ ಹಿಂದೆಯೂ ಒಮ್ಮೆ ಪರೀಕ್ಷಿಸಿದ. ಅಲ್ಲಿ ಏನೂ ಇಲ್ಲ. ಆದರೂ ಕೂತ. ಮಿಕ್ಕಿದ್ದು ನಿನಗೆ ಗೊತ್ತು.

ಶೇಷಪ್ಪ ನಿನ್ನೆ ಬಂದಿದ್ದರು. ಕೊನೆಯ ದಿನ ವಾರ್ಡು ಬಿಟ್ಟು ತಂಗಿ ಮನೆಗೆ ಹೋದ ಸುದ್ದಿ ಬೂತಿನ ಸಭೆಯಲ್ಲಿ ಚರ್ಚೆಯಾಯಿತಂತೆ. 'ಹಂಗಂತ ಓಟು ಹಾಕ್ಲಿಲ್ಲ ಸ್ವಾಮಿ, ಸುಳ್ಳ್ ಹೇಳಲ್ಲ' ಎಂದರು. ಮುಂದಿನ ತಿಂಗಳು ಮಧುಶ್ರೀ ಮಗನಿಗೆ ಕಿವಿ ಚುಚ್ಚಿಸುತ್ತಾರಂತೆ. ಕರೆಯುವವರೆಗೆ ಕಾಯದೆ ಅವರೇ ಹೋಗಿ ದಿನ ಕೇಳಿಕೊಂಡು ಬಂದಿದ್ದಾರೆ. 'ನಾನು ಕೂರ್ತೀನಿ. ನೀವು ಊಟಕ್ ಬನ್ನಿ.'

ಊಟಕ್ಕೆ ಹೋಗುತ್ತೇನೆ.

ಶಿವಯೋಗಿ


ಭದ್ರಾವತಿ
ಮಾರ್ಚ್ ೨೫

ಅಣ್ಣ,

ಕಾಗದ ಓದಿ ಕನ್ನಡಿ ಹಿಡಿದು ನೋಡಿಕೊಂಡೆ. ಒಂದು ಕನ್ನಡಿಯಲ್ಲಿ ಆಗಲಿಲ್ಲ, ಎರಡು ಬೇಕಾಯಿತು. ಮಚ್ಚೆ ಇದೆ. ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ.

ಯುವರಾಜ ಬೋಳುತಲೆಯಲ್ಲಿ ಓಡಾಡುತ್ತಾ, ಸಿಕ್ಕವರ ಕಿವಿಯ ಹಿಂದೆಲ್ಲ ಹುಡುಕುತ್ತಿದ್ದಾನೆ. ಕಂಡಕ್ಟರ್ ಇವತ್ತು 'ಏನಪ್ಪಾ ಸ್ವಾಮಿ' ಎಂದು ಕರೆದ. ಅವನು ಒದೆಯಲಿಲ್ಲ.

ಸೋತದ್ದಕ್ಕೆ ನನಗೆ ಬೇಜಾರಿದೆ. ಚರಂಡಿಗೂ ಇರುತ್ತದೆ.

ಕಿವಿ ಚುಚ್ಚಿಸುವುದು ನಮ್ಮ ಮನೆಯಲ್ಲೂ ಬಾಕಿ ಇದೆ. ದಿನವನ್ನು ನಾನು ಹೇಳುವುದಿಲ್ಲ. ಬಾಗಿಲಿಗೆ ಬಂದು ಕೈ ಮುಗಿದು ಕೇಳುವುದು ನಿನಗೀಗ ಚೆನ್ನಾಗಿ ಅಭ್ಯಾಸವಾಗಿದೆ. ಬಂದು ಕೇಳು.

ತನುಜಾ